ಡೀಸೆಲ್ ಕಾರಿನ ಮೈಲೇಜ್ ಕುಸಿದಾಗ: ಡಿಸ್‌ಪ್ಲೇ, ಸ್ಕ್ಯಾನರ್ ಮತ್ತು ಮೆಕ್ಯಾನಿಕ್ಕಿನ ಅಂಗೈ

ಹಾಸನದಿಂದ ಬೆಂಗಳೂರಿಗೆ ವಾರಕ್ಕೊಮ್ಮೆ ಹೋಗಿಬರುವ ನನ್ನ 1.3 ಲೀಟರಿನ ಡೀಸೆಲ್ ಕಾರು, ಹತ್ತು ವರ್ಷ ದಾಟಿದ್ದರೂ, ಲೀಟರಿಗೆ 20 ಕಿಲೋಮೀಟರಿನ ಆಸುಪಾಸಿನಲ್ಲೇ ಓಡುತ್ತಿತ್ತು. ಕಳೆದ ಜುಲೈಯಲ್ಲಿ ಮೂರು ವಾರ ಮನೆಯ ಮುಂದೆ ಮಳೆಯಲ್ಲಿ ನೆನೆಯುತ್ತ ನಿಂತಿದ್ದ ಅದನ್ನು ಮತ್ತೆ ಹೊರತೆಗೆದಾಗ ಮೊದಲ ಟ್ಯಾಂಕಿಗೇ ಲೆಕ್ಕ 15.6ಕ್ಕೆ ಇಳಿಯಿತು. ಹೊಗೆಯಿಲ್ಲ, ಪಿಕಪ್ಪಿನಲ್ಲಿ ಹೇಳಿಕೊಳ್ಳುವಂಥ ಕೊರತೆಯಿಲ್ಲ, ಎಚ್ಚರಿಕೆಯ ದೀಪವೂ ಇಲ್ಲ. ಕಾರಣ ಹುಡುಕಲು ಆರು ವಾರಗಳಲ್ಲಿ ನಾನು ಹಿಡಿದ ದಾರಿಗಳನ್ನು, ಅವುಗಳ ಖರ್ಚು ಮತ್ತು ಫಲದೊಂದಿಗೆ, ಇಲ್ಲಿ ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ.

ಮೊದಲ ಹೋಲಿಕೆ ಅಳತೆಯ ಎರಡು ವಿಧಾನಗಳದ್ದು. ಡ್ಯಾಶ್‌ಬೋರ್ಡಿನ ಡಿಸ್‌ಪ್ಲೇ ತೋರಿಸುವ ಸರಾಸರಿಯನ್ನು ನೋಡುವುದು ಒಂದು. ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸುವುದು ಇನ್ನೊಂದು. ಎರಡನೆಯದೇ ನಿಜವಾದ ಅಳತೆ, ಆದರೆ ಅದು ತಾಳ್ಮೆ ಬೇಡುತ್ತದೆ. ಡೀಸೆಲ್ ನೊರೆಯೇಳುವುದರಿಂದ ಬಂಕಿನ ನಾಝಲ್ ತಾನಾಗಿ ಕಟ್ ಆದಾಗ ಟ್ಯಾಂಕ್ ಪೂರ್ತಿ ತುಂಬಿರುವುದಿಲ್ಲ. 30 ಲೀಟರ್ ಹಾಕಿಸುವಾಗ ಒಂದು ಲೀಟರ್ ಅತ್ತಿತ್ತ ಆದರೂ ಮೈಲೇಜಿನಲ್ಲಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಾಣಿಸುತ್ತದೆ. ಆದ್ದರಿಂದ ಒಂದೇ ಬಂಕಿನ ಒಂದೇ ಪಂಪಿನಲ್ಲಿ, ನೊರೆ ಇಳಿಯುವವರೆಗೆ ಕಾದು, ಎರಡನೆಯ ಕಟ್ಟಿಗೆ ನಿಲ್ಲಿಸುವ ಕ್ರಮವನ್ನು ನಾನು ಇಟ್ಟುಕೊಂಡಿದ್ದೇನೆ. ಡಿಸ್‌ಪ್ಲೇಯ ಸಂಖ್ಯೆ ಅಳತೆಯೇ ಅಲ್ಲ. ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆ ಎಷ್ಟು ಡೀಸೆಲ್ ಬಿಡಬೇಕೆಂದು ಇಸಿಯು (ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಆಜ್ಞೆ ಕೊಟ್ಟಿತೋ ಅದರ ಮೊತ್ತ ಮಾತ್ರ. ನನ್ನ ಕಾರಿನಲ್ಲಿ ಅದು ಯಾವಾಗಲೂ ಎಂಟು ಹತ್ತು ಶೇಕಡಾ ಉದಾರವಾಗಿಯೇ ಹೇಳುತ್ತದೆ.

ಹಾಗೆಂದು ಡಿಸ್‌ಪ್ಲೇಯನ್ನು ತಳ್ಳಿಹಾಕುವಂತಿಲ್ಲ ಎಂಬುದು ನನಗೆ ಈ ಸಲ ತಿಳಿಯಿತು. ಹಿಂದೆ ನನ್ನ ಲೆಕ್ಕ 20.4 ಬಂದಾಗ ಅದು 22 ತೋರಿಸುತ್ತಿತ್ತು. ಈಗ ನನ್ನ ಲೆಕ್ಕ 15.6, ಅದರದ್ದು 17.1. ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿದ್ದವು. ಪೈಪು ಸೋರುತ್ತಿದ್ದರೆ, ಬಂಕಿನವರು ಅಳತೆಯಲ್ಲಿ ಕಡಿಮೆ ಹಾಕುತ್ತಿದ್ದರೆ, ಅಥವಾ ಸವೆದ ಇಂಜೆಕ್ಟರುಗಳು ಆಜ್ಞೆಗಿಂತ ಹೆಚ್ಚು ಡೀಸೆಲ್ ಸುರಿಯುತ್ತಿದ್ದರೆ ಇಸಿಯುಗೆ ಅದರ ಸುಳಿವು ಸಿಗುವುದಿಲ್ಲ. ಆಗ ಡಿಸ್‌ಪ್ಲೇ ಹಳೆಯ ಸಂಖ್ಯೆಯ ಹತ್ತಿರವೇ ಉಳಿದು, ನನ್ನ ಲೆಕ್ಕ ಮಾತ್ರ ಕುಸಿಯಬೇಕಿತ್ತು. ಎರಡೂ ಕುಸಿದಿವೆಯೆಂದರೆ ಇಸಿಯುವೇ ತಿಳಿದು ಹೆಚ್ಚು ಡೀಸೆಲ್ ಬಿಡುತ್ತಿದೆ, ಅಂದರೆ ಇಂಜಿನ್ನಿನ ಮೇಲೆ ಎಲ್ಲಿಂದಲೋ ಹೆಚ್ಚಿನ ಭಾರ ಬೀಳುತ್ತಿದೆ ಅಥವಾ ಯಾವುದೋ ಸೆನ್ಸಾರಿನ ಮಾತಿನಂತೆ ಅದು ಹಾಗೆ ನಡೆದುಕೊಳ್ಳುತ್ತಿದೆ. ಒಂದು ಪೈಸೆ ಖರ್ಚಿಲ್ಲದ ಈ ಹೋಲಿಕೆಯ ಅರ್ಥ ನನಗೆ ಹೊಳೆದದ್ದು ಮಾತ್ರ ಸಾಕಷ್ಟು ದುಡ್ಡು ಕೈಬಿಟ್ಟ ಮೇಲೆ.

ಬಂಕಿನ ಮೇಲಿನ ಅನುಮಾನವನ್ನು ಬೇಗ ಪರಿಹರಿಸಿಕೊಳ್ಳಬಹುದು. ಕೇಳಿದರೆ ಅವರು ಮುದ್ರೆಯಿರುವ 5 ಲೀಟರಿನ ಅಳತೆ ಪಾತ್ರೆಗೆ ಹಾಕಿ ತೋರಿಸಬೇಕು. ತೋರಿಸಿದರು, ಸರಿಯಾಗಿಯೇ ಇತ್ತು. ಇಂಜೆಕ್ಟರ್ ಕ್ಲೀನರ್ ಎಂಬ 450 ರೂಪಾಯಿಯ ಬಾಟಲಿಯನ್ನೂ ಒಂದು ಟ್ಯಾಂಕಿಗೆ ಸುರಿದೆ. 15.6 ಇದ್ದದ್ದು 15.7 ಆಯಿತು.

ನಂತರದ ಸ್ಪರ್ಧೆ ಸರ್ವಿಸ್ ಸೆಂಟರಿನ ಸ್ಕ್ಯಾನರಿಗೂ ನಾನು 700 ರೂಪಾಯಿಗೆ ತರಿಸಿದ ಬ್ಲೂಟೂತ್ ಓಬಿಡಿ ಡಾಂಗಲಿಗೂ (ಕಾರಿಗೆ ಸಿಕ್ಕಿಸಿದರೆ ಇಸಿಯುವಿನ ಮಾಹಿತಿಯನ್ನು ಮೊಬೈಲಿಗೆ ಕಳಿಸುವ ಪುಟ್ಟ ಸಾಧನ). ಯಂತ್ರವಾಗಿ ನೋಡಿದರೆ ಇವೆರಡಕ್ಕೂ ಸಾಟಿಯಿಲ್ಲ: ಸ್ಕ್ಯಾನರ್ ಪ್ರತಿ ಸಿಲಿಂಡರಿನ ಇಂಜೆಕ್ಟರ್ ಕರೆಕ್ಷನ್ (ಇಂಜಿನ್ ಸಮನಾಗಿ ಓಡಲು ಇಸಿಯು ಅಲ್ಲಿ ಡೀಸೆಲನ್ನು ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ತೋರಿಸುತ್ತದೆ, ನನ್ನ ಡಾಂಗಲಿಗೆ ಅದು ಸಾಧ್ಯವಿಲ್ಲ. ಆದರೆ ಸರ್ವಿಸ್ ಸೆಂಟರಿನಲ್ಲಿ ಕಾರನ್ನು ಶೆಡ್ಡಿನೊಳಗೆ ನಿಲ್ಲಿಸಿ, ಸ್ಟಾರ್ಟ್‌ನಲ್ಲಿಟ್ಟು, ದೋಷದ ಕೋಡ್ ಇದೆಯೇ ಎಂದಷ್ಟೇ ನೋಡಿದರು. ಕೋಡ್ ಇರಲಿಲ್ಲ. ಮೈಲೇಜ್ ಇಳಿದಿದೆಯೆಂದರೆ ಇಂಜೆಕ್ಟರ್ ವೀಕ್ ಆಗಿರಲೇಬೇಕು ಎಂಬ ವಿವರಣೆಯೊಂದಿಗೆ ನಾಲ್ಕನ್ನೂ ಬದಲಿಸಲು 60,000 ರೂಪಾಯಿ ದಾಟಿದ ಎಸ್ಟಿಮೇಟ್ ಕೈಗೆ ಬಂತು. ಅದಕ್ಕೆ ಪಿನ್ ಮಾಡಿದ್ದ ಅವರದೇ ಪ್ರಿಂಟಿನಲ್ಲಿ ನಾಲ್ಕೂ ಸಿಲಿಂಡರುಗಳ ಕರೆಕ್ಷನ್ ಮಿತಿಯೊಳಗೇ ಇತ್ತು ಎಂಬುದನ್ನು ನಾನು ಮನೆಗೆ ಬಂದು ಓದಿಕೊಂಡೆ.

ಡಾಂಗಲಿನ ಒಂದೇ ಒಂದು ಹೆಚ್ಚುಗಾರಿಕೆಯೆಂದರೆ ಅದು ನನ್ನ ಜೊತೆ ರಸ್ತೆಗೆ ಬರುತ್ತದೆ. ಮುಂಜಾನೆ ಚನ್ನರಾಯಪಟ್ಟಣ ದಾಟಿ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಸಾಗುವಾಗ, ಪಕ್ಕದಲ್ಲಿ ಕುಳಿತಿದ್ದ ಮಗ ಮೊಬೈಲ್ ನೋಡುತ್ತ ಕೂಲಂಟಿನ (ಇಂಜಿನ್ನನ್ನು ತಣಿಸುವ ದ್ರವದ) ಉಷ್ಣತೆಯನ್ನು ಓದುತ್ತ ಬಂದ: 67, 66, 68. ಟೋಲ್ ಗೇಟಿನ ಸಾಲಿನಲ್ಲಿ ನಿಂತಾಗ ಅದು 79ಕ್ಕೆ ಏರಿತು. ಗೇಟು ದಾಟಿ ಗಾಳಿ ಹೊಡೆಯುತ್ತಿದ್ದಂತೆ ಮತ್ತೆ ಇಳಿಯಿತು. ಬಿಸಿಯಾದ ಇಂಜಿನ್ನಿನಲ್ಲಿ ಅದು 85ರಿಂದ 90 ಡಿಗ್ರಿಯಲ್ಲಿ ಸ್ಥಿರವಾಗಿ ನಿಲ್ಲಬೇಕು. ಇಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ತಡೆಯಬೇಕಾದ ಥರ್ಮೋಸ್ಟಾಟ್ ವಾಲ್ವ್ ಮುಚ್ಚದೆ ತೆರೆದೇ ಉಳಿದಿತ್ತು. ಓಡುವಷ್ಟು ಹೊತ್ತೂ ರೇಡಿಯೇಟರ್ ಇಂಜಿನ್ನನ್ನು ತಣಿಸುತ್ತಿತ್ತು, ಇಂಜಿನ್ ಇನ್ನೂ ತಣ್ಣಗಿದೆಯೆಂದು ಇಸಿಯು ಹೆಚ್ಚು ಡೀಸೆಲ್ ಬಿಡುತ್ತಿತ್ತು. ನನ್ನ ಕಾರಿನಲ್ಲಿ ಉಷ್ಣತೆಯ ಮುಳ್ಳಿಲ್ಲ, ಒಂದು ನೀಲಿ ದೀಪವಿದೆ, ಅದು ಎರಡು ಮೂರು ಕಿಲೋಮೀಟರಿಗೇ ಆರಿಬಿಡುತ್ತದೆ. ನಿಂತ ಕಾರಿನಲ್ಲಿ ಉಷ್ಣತೆ ಹೇಗೂ ಏರುವುದರಿಂದ ಶೆಡ್ಡಿನೊಳಗಿನ ಪರೀಕ್ಷೆಗೆ ಈ ದೋಷ ಸಿಗುವಂತೆಯೇ ಇರಲಿಲ್ಲ. ವಾಲ್ವ್, ಹೊಸ ಕೂಲಂಟ್ ಮತ್ತು ಕೂಲಿ ಸೇರಿ 2,600 ರೂಪಾಯಿ ಆಯಿತು, ಮೈಲೇಜ್ 17.4ಕ್ಕೆ ಏರಿತು.

ಇನ್ನೂ ಮೂರು ಕಿಲೋಮೀಟರಿನ ಲೆಕ್ಕ ಸಿಕ್ಕಿರಲಿಲ್ಲ. ಮನಸ್ಸಿನಲ್ಲಿ ಉಳಿದಿದ್ದ ಇಂಜೆಕ್ಟರಿನ ಅನುಮಾನವನ್ನು ಕಳೆದುಕೊಳ್ಳಲು ಡೀಸೆಲ್ ಪಂಪ್ ರಿಪೇರಿ ಮಾಡುವವರಲ್ಲಿಗೆ ಹೋದೆ. ಅವರು ನಾಲ್ಕೂ ಇಂಜೆಕ್ಟರುಗಳ ರಿಟರ್ನ್ ಪೈಪನ್ನು ಬಿಚ್ಚಿ, ಪಾರದರ್ಶಕ ಕೊಳವೆಗಳಿಂದ ನಾಲ್ಕು ಸಣ್ಣ ಬಾಟಲಿಗಳಿಗೆ ಜೋಡಿಸಿ, ಇಂಜಿನ್ ಐಡಲ್‌ನಲ್ಲಿ ಓಡಿಸಿದರು. ಯಾವುದಾದರೂ ಬಾಟಲಿ ಉಳಿದವಕ್ಕಿಂತ ಬಹಳ ಬೇಗ ತುಂಬಿದರೆ ಆ ಇಂಜೆಕ್ಟರ್ ಒಳಗೆ ಸವೆದಿದೆಯೆಂದು ಅರ್ಥ. ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟವಿತ್ತು. ಸಾವಿರ ರೂಪಾಯಿಯ ಈ ಪರೀಕ್ಷೆ ನೋಡಲು ಚೆಂದ, ಫಲಿತಾಂಶವೂ ನಂಬಲು ಯೋಗ್ಯ. ಆದರೆ ಮೈಲೇಜಿನ ದೂರಿಗೆ ಇದು ನೇರ ಉತ್ತರವಲ್ಲ, ಏಕೆಂದರೆ ರಿಟರ್ನ್ ಆದ ಡೀಸೆಲ್ ಸುಟ್ಟುಹೋಗುವುದಿಲ್ಲ, ಟ್ಯಾಂಕಿಗೇ ಮರಳುತ್ತದೆ. ಸ್ಟಾರ್ಟಿಂಗ್ ತೊಂದರೆಯಿರುವ ಕಾರಿಗೆ ಇದನ್ನು ಮೊದಲು ಮಾಡಿಸಬೇಕು, ನನ್ನದಕ್ಕೆ ಅಗತ್ಯವಿರಲಿಲ್ಲ.

ಕೊನೆಗೆ ಹೋದದ್ದು ನಮ್ಮ ಬಡಾವಣೆಯ ಹಳೆಯ ಗ್ಯಾರೇಜಿಗೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಬಾನೆಟ್ ತೆರೆಯಲೇ ಇಲ್ಲ. ಆದಷ್ಟು ಬ್ರೇಕ್ ಮುಟ್ಟದೆ ಹತ್ತು ಕಿಲೋಮೀಟರ್ ಓಡಿಸಿಕೊಂಡು ಬರಲು ಹೇಳಿದರು. ಬಂದ ತಕ್ಷಣ ಒಂದೊಂದು ಚಕ್ರದ ಬಳಿಯೂ ಕುಕ್ಕರಗಾಲಿನಲ್ಲಿ ಕುಳಿತು, ರಿಮ್ಮಿನಿಂದ ಎರಡು ಬೆರಳು ದೂರದಲ್ಲಿ ಅಂಗೈ ಹಿಡಿದರು. ಮುಂದಿನ ಎಡ ಚಕ್ರದ ಹತ್ತಿರ ಕೈಯನ್ನು ಥಟ್ಟನೆ ಹಿಂದೆಳೆದುಕೊಂಡು, ಲೋಟದಲ್ಲಿದ್ದ ನೀರನ್ನು ಚಿಮುಕಿಸಿದಾಗ ಅದು ಚುರ್ರೆಂದಿತು. "ಇಂಜಿನ್ ಏನೂ ಆಗಿಲ್ಲ ಸಾರ್, ಬ್ರೇಕ್ ಹಿಡ್ಕೊಂಡಿದೆ" ಎಂದರು. ಜ್ಯಾಕ್ ಹಾಕಿ ತಿರುಗಿಸಿದರೆ ಬಲ ಚಕ್ರ ಎರಡು ಸುತ್ತು ಹೋಯಿತು, ಎಡದ್ದು ಅರ್ಧ ಸುತ್ತಿಗೇ ನಿಂತಿತು. ಬ್ರೇಕ್ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನ ಪಿನ್ನಿನ ರಬ್ಬರ್ ಹರಿದು, ಮೂರು ವಾರದ ಮಳೆನೀರು ಒಳಗಿಳಿದು, ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪಿನ್ ಉಜ್ಜಿ, ಬ್ರೇಕಿಗೆಂದೇ ಬರುವ ಗ್ರೀಸ್ ಹಾಕಿ, ರಬ್ಬರ್ ಮತ್ತು ಪ್ಯಾಡ್ ಬದಲಿಸಿದ್ದಕ್ಕೆ 1,850 ರೂಪಾಯಿ. (ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಯಂತ್ರವನ್ನು ನಾನು ಮನೆಯಲ್ಲಿ ಇದೇ ಕೆಲಸಕ್ಕೆ ಬಳಸಲು ನೋಡಿ ಸೋತಿದ್ದೆ, ಮೈ ಬಿಸಿಯ ಮಿತಿ ದಾಟಿದರೆ ಅದು 'ಹೈ' ಎಂದಷ್ಟೇ ತೋರಿಸುತ್ತದೆ.)

ಎರಡು ದೋಷಗಳು ಒಟ್ಟಿಗೇ ಹೇಗೆ ಬಂದವು ಎಂದು ನೋಟ್‌ಬುಕ್ ತಿರುವಿದಾಗ, ಅವು ಒಟ್ಟಿಗೆ ಬಂದಿರಲಿಲ್ಲ ಎಂದು ಗೊತ್ತಾಯಿತು. ಜನವರಿಯಲ್ಲಿ 20.4, ಮಾರ್ಚಿನಲ್ಲಿ 19.3, ಮೇ ತಿಂಗಳಲ್ಲಿ 18.3. ಬೇಸಿಗೆ, ಎಸಿ ಎಂದುಕೊಂಡು ನಾನು ಸುಮ್ಮನಿದ್ದೆ. ಥರ್ಮೋಸ್ಟಾಟ್ ಆಗಲೇ ನಿಧಾನವಾಗಿ ಕೈಕೊಡುತ್ತಿತ್ತು. ಜುಲೈಯಲ್ಲಿ ಬ್ರೇಕ್ ಅದರ ಮೇಲೆ ಬಂದು ಕೂತಾಗ ಮಾತ್ರ ನನಗೆ ಅದು ಹಠಾತ್ ಕುಸಿತವಾಗಿ ಕಂಡಿತು.

ಏಪ್ರಿಲ್ 2020ರ ನಂತರದ ಬಿಎಸ್-6 ಮಾಲಿನ್ಯ ನಿಯಮದ ಡೀಸೆಲ್ ಕಾರುಗಳಿಗೆ ನನ್ನ ಈ ಕ್ರಮ ಹಾಗೆಯೇ ಹೊಂದುವುದಿಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಡಿಪಿಎಫ್ (ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್) ಇರುತ್ತದೆ. ಊರೊಳಗೇ ಸಣ್ಣ ಸಣ್ಣ ದೂರ ಓಡಿಸುವವರಲ್ಲಿ ಅದರ ಮಸಿ ಸುಡಲು ಮತ್ತೆ ಮತ್ತೆ ಹೆಚ್ಚುವರಿ ಡೀಸೆಲ್ ಖರ್ಚಾಗುತ್ತದೆ, ಆಯಿಲ್ ಗೇಜಿನ ಮಟ್ಟ ಇಳಿಯುವ ಬದಲು ಏರಿದ್ದರೆ ಡೀಸೆಲ್ ಆಯಿಲಿಗೆ ಸೇರುತ್ತಿದೆಯೆಂದು ಅನುಮಾನಿಸಬೇಕು. ಅಲ್ಲಿ ಅಂಗೈಗಿಂತ ಒಳ್ಳೆಯ ಸ್ಕ್ಯಾನರಿಗೇ ನಾನು ಮೊದಲ ಸ್ಥಾನ ಕೊಡುತ್ತೇನೆ, ಆದರೆ ಕಾರನ್ನು ಓಡಿಸುತ್ತ ನೋಡಬೇಕು ಎಂಬ ಷರತ್ತಿನ ಮೇಲೆ.

ಬ್ರೇಕ್ ಸರಿಯಾದ ಮೇಲಿನ ಮೂರು ಟ್ಯಾಂಕುಗಳ ಲೆಕ್ಕ 19.8, 20.3, 20.1, ಡಿಸ್‌ಪ್ಲೇ ಮೂರು ಸಲವೂ 22ರ ಹತ್ತಿರ ತೋರಿಸಿತು. ಕೂಲಂಟ್ ಹೆದ್ದಾರಿಯಲ್ಲಿ ಈಗ 88.