ತೂತಿಲ್ಲದ ಶಾಕ್ ಪಿಸ್ಟನ್: ನಾನೇ ಕೊರೆದು ನೋಡಿದೆ

ನನ್ನ ಆರ್‌ಸಿ ಬಗ್ಗಿಗೆ (ರಿಮೋಟ್‌ನಲ್ಲಿ ಓಡಿಸುವ ಪುಟ್ಟ ಕಾರು) ತೂತಿಲ್ಲದ ಪಿಸ್ಟನ್ ಸೆಟ್ ತರಿಸಿದೆ. ಶಾಕ್ ಅಂದರೆ ಕುಲುಕಾಟ ತಡೆಯುವ, ಎಣ್ಣೆ ತುಂಬಿದ ಕೊಳವೆ; ಅದರೊಳಗೆ ಮೇಲೆ ಕೆಳಗೆ ಓಡಾಡುವ ಬಿಲ್ಲೆಯೇ ಪಿಸ್ಟನ್, ಅದರ ತೂತುಗಳಲ್ಲೇ ಎಣ್ಣೆ ಹಾಯುವುದು. ಅಂಚು ನುಣುಪಾಗಿದೆ, ಶಾಕ್ ಒಳಗೆ ಅಲುಗಾಡದೆ ಕೂರುತ್ತದೆ. ಕೈ ಡ್ರಿಲ್‌ನಲ್ಲಿ ಒಂದೊಂದಕ್ಕೂ 1.3 ಮಿ.ಮೀ. ಅಳತೆಯ 6 ತೂತು ಕೊರೆದೆ. ಹಳೆಯದರಲ್ಲಿ 1.2 ಇತ್ತು. ಇಷ್ಟೇ ತಾನೆ ಅನ್ನಿಸುತ್ತೆ, ಅಲ್ವಾ? ಆದರೆ ಎಣ್ಣೆ ಹಾಯುವ ಜಾಗ ಶೇ. 17ರಷ್ಟು ಜಾಸ್ತಿಯಾಗುತ್ತದೆ. ಅದಕ್ಕೇ ಎಣ್ಣೆಯನ್ನೂ ಒಂದು ಹಂತ ಗಟ್ಟಿಯದು ಹಾಕಿದೆ.

ಈಗ ಸಾಲು ಉಬ್ಬುಗಳ ಮೇಲೆ ಕಾರು ಪುಟಿಯುವುದಿಲ್ಲ, ಚಕ್ರ ನೆಲ ಕಚ್ಚಿಕೊಂಡೇ ಓಡುತ್ತದೆ. ನೋಡೋಕೇ ಖುಷಿ! ದೊಡ್ಡ ಜಂಪ್‌ನಿಂದ ಇಳಿದಾಗ ಮಾತ್ರ ತಳ ಬಡಿಯುತ್ತದೆ.

ಕೊರೆದ ತೂತಿನ ಬಾಯಲ್ಲಿ ಕೂದಲೆಳೆಯಷ್ಟು ಪ್ಲಾಸ್ಟಿಕ್ ಎದ್ದಿರುತ್ತದೆ. ಅದನ್ನು ಬ್ಲೇಡಿನಿಂದ ಕೆರೆದು ತೆಗೆಯಲೇಬೇಕು. ನಾನು ಒಂದರಲ್ಲಿ ಬಿಟ್ಟಿದ್ದೆ, ಎಡಗಡೆ ಶಾಕ್ ನಿಧಾನವಾಯಿತು. ಮತ್ತೆ ಬಿಚ್ಚಿ ಸರಿ ಮಾಡಿದೆ. ಇನ್ನೊಂದು ಸೆಟ್ ಖಂಡಿತ ತರಿಸುತ್ತೇನೆ.