ವಸತಿರಹಿತರ ಆಶ್ರಯ ಕೇಂದ್ರ, ಶಿವಮೊಗ್ಗ: 23 ರಾತ್ರಿ ಮಲಗಿದೋನ ರಿವ್ಯೂ

ನಾಲ್ಕು ಸ್ಟಾರ್. ನಾನು ಹೋಟ್ಲಲ್ಲಿ ಸಪ್ಲೈಯರ್, ಊರು ಹೊಸನಗರ ಕಡೆ. ಗೋಪಾಳದಲ್ಲಿ 2,500ಕ್ಕೆ ಒಂದು ಹಳೇ ಹೆಂಚಿನ ರೂಮಲ್ಲಿದ್ದೆ, ಓನರ್ ಅದನ್ನ ಕೆಡವಿ ಹೊಸ್ದು ಕಟ್ಸ್ತೀವಿ ಅಂತ ಜೂನಲ್ಲಿ ಖಾಲಿ ಮಾಡಿಸಿದ್ರು. ಬೇರೆ ಹುಡುಕಿದ್ರೆ ಸಿಂಗಲ್ ರೂಮೇ 5,000, ಅಡ್ವಾನ್ಸ್ 50,000, ಅದ್ರ ಮೇಲೆ ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಸೋಗಾನೆಲಿ 2023ಕ್ಕೆ ಏರ್‌ಪೋರ್ಟ್ ಬಂದ್ಮೇಲೆ ರೇಟೇ ಹಿಂಗೆ ಅಂತಾರೆ ಬ್ರೋಕರು. ನನ್ ಸಂಬಳ 14,000, ಅಮ್ಮಂಗೆ 5,000 ಕಳಿಸ್ಬೇಕು. ತಿಂಗಳ ಬಾಡಿಗೆ ಹೆಂಗೋ ಕಟ್ತಿದ್ದೆ ಮಾರಾಯ್ರೆ, ಮೊದಲ ತಿಂಗಳ ಬಾಡಿಗೆನೂ ಸೇರಿ ಒಂದೇ ಸಲಕ್ಕೆ 60,000 ಎಲ್ಲಿಂದ ತರೋದು? 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೋಬಾರ್ದು ಅಂತಿದೆ, ಇಲ್ಲಿ ಹತ್ತು ತಿಂಗಳಿಗೆ ಕಮ್ಮಿ ಮಾತೇ ಇಲ್ಲ.

ಎರಡು ರಾತ್ರಿ ಬಸ್ ಸ್ಟ್ಯಾಂಡಲ್ಲಿ ಕಳೆದು ಮೂರನೇ ದಿನ ಇಲ್ಲಿಗೆ ಬಂದೆ, ಜಡಿಮಳೆ, ಮೈಯೆಲ್ಲಾ ಒದ್ದೆ. ರಿಜಿಸ್ಟರಲ್ಲಿ ಹೆಸರು, ಆಧಾರ್ ನಂಬರ್, ಆಮೇಲೆ ‘ಏನಾದ್ರೂ ಆದ್ರೆ ಯಾರಿಗೆ ತಿಳಿಸ್ಬೇಕು’ ಅಂತ ಒಂದು ಕಾಲಂ. ಅಮ್ಮನ ನಂಬರ್ ಕೊಡೋಕೆ ಮನಸಾಗ್ಲಿಲ್ಲ, ನಾನು ಇಲ್ಲಿ ಮಲಗ್ತಿದೀನಿ ಅಂತ ಗೊತ್ತಾದ್ರೆ ಊಟ ಬಿಟ್ಟು ಕೂರ್ತಾಳೆ. ಪೆನ್ ಹಿಡ್ಕೊಂಡು ಹಂಗೇ ನಿಂತಿದ್ದೆ. ನೋಡ್ಕೊಳ್ಳೋರು ‘ಆಮೇಲೆ ಬರೀರಿ ಅಣ್ಣ, ಮೊದ್ಲು ತಲೆ ಒರ್ಸ್ಕೊಳ್ಳಿ’ ಅಂತ ಒಣ ಟವೆಲ್ ಕೊಟ್ರು. ಒಂದು ಸ್ಟಾರ್ ಅದಕ್ಕೇನೇ.

ಮಂಚ, ಲಾಕರ್, ಕುಡಿಯೋ ನೀರು ಎಲ್ಲಾ ಇದೆ, ಟಾಯ್ಲೆಟ್ ಕ್ಲೀನ್, ನನ್ ಹತ್ರ ಒಂದು ರೂಪಾಯಿನೂ ತಗೊಂಡಿಲ್ಲ. ಕಂಬಳಿ ಮಾತ್ರ ಬೂಷ್ಟು ವಾಸನೆ, ಮಲೆನಾಡಿನ ಮಳೆಗಾಲದಲ್ಲಿ ಒಗೆದ್ರೂ ಒಣಗಲ್ವಲ್ಲ, ಬರುವಾಗ ಒಂದು ಬೆಡ್‌ಶೀಟ್ ತನ್ನಿ.

ಒಂದು ಸ್ಟಾರ್ ಕಟ್ ಮಾಡಿದ್ದು ಗೇಟಿಗೆ. ಹತ್ತಕ್ಕೆ ಹಾಕ್ತಾರೆ, ನಮ್ ಹೋಟ್ಲು ಮುಗಿಯೋದೇ ಹನ್ನೊಂದಕ್ಕೆ, ದಿನಾ ಫೋನ್ ಮಾಡಿ ಮಲಗಿರೋರನ್ನ ಎಬ್ಬಿಸ್ಬೇಕು. ನಗರದ ಬಡವರಿಗೆ ಅಂತ 2024ರ ತನಕ ಇದ್ದ ಕೇಂದ್ರದ ನಲ್ಮ್ ಯೋಜನೆ ಗೈಡ್‌ಲೈನಲ್ಲಿ ಇಂಥ ಕೇಂದ್ರ 24 ಗಂಟೆ ತೆಗೆದಿರ್ಬೇಕು ಅಂತಾನೇ ಇತ್ತು, ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನಕ್ಕೆ ಜಾಗ, ಒಬ್ಬೊಬ್ಬರಿಗೆ 50 ಚದರಡಿ. 2011ರ ಜನಗಣತಿಲೇ ಶಿವಮೊಗ್ಗ 3.22 ಲಕ್ಷ, ಅಂದ್ರೆ 300 ಜನಕ್ಕಾದ್ರೂ ಇರ್ಬೇಕು, ಲೆಕ್ಕ ನೀವೇ ಹಾಕಿ. ರಾತ್ರಿ ಕೆಲ್ಸದೋರೇ ತಾನೇ ಇಲ್ಲಿಗೆ ಜಾಸ್ತಿ ಬರೋದು, ದಯವಿಟ್ಟು ಗೇಟಿನ ಟೈಮ್ ಬದಲಾಯಿಸಿ.

ಈಗ ಜೊತೆ ಕೆಲ್ಸದೋನ ರೂಮಲ್ಲಿ ಶೇರಿಂಗ್ ಸಿಕ್ಕಿದೆ, ಅಡ್ವಾನ್ಸ್ ಕಂತಲ್ಲಿ ಕೊಡ್ತಿದೀನಿ. ಪಕ್ಕದ ಮಂಚದ ಗಾರೆ ಕೆಲ್ಸದಣ್ಣ ಇನ್ನೂ ಅಲ್ಲೇ ಇದಾರೆ, ಪ್ಲಾಸ್ಟಿಕ್ ಕವರಲ್ಲಿ ಪಾಸ್‌ಬುಕ್ ಸುತ್ತಿ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾರೆ. ಹೋದ್ವಾರ ಟೀ ಕುಡಿಯುವಾಗ ಕೇಳ್ದೆ, 18,000 ಆಗಿದ್ಯಂತೆ.