ಸ್ಪೀಡ್ ಟೆಸ್ಟ್ ಮುಳ್ಳು ನೋಡಿ ದುಡ್ಡು ಕೊಡಬೇಡಿ

ಮಡಿಕೇರಿ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ, ಕಾಫಿ ತೋಟದ ಮಧ್ಯೆ ಮೂರು ರೂಮು. ಈಗ ಬರುವವರು ಮೊದಲು ಕೇಳುವುದೇ 'ವೈಫೈ ಹೇಗಿದೆ, ಮೀಟಿಂಗ್ ಮಾಡಬಹುದಾ' ಅಂತ. ಪಂದಿ ಕರಿ ವಿಷಯ ಆಮೇಲೆ. ಅದಕ್ಕೇ ಹೋದ ತಿಂಗಳು ಹೊಸ ಕನೆಕ್ಷನ್ ಹಾಕಿಸಿದೆ. ಆರು ತಿಂಗಳ ದುಡ್ಡು ಮುಂಗಡ. ಅಲ್ಲೇ ಕೆಟ್ಟೆ.

ಬಂದ ಹುಡುಗ ಬಾಕ್ಸ್ ಗೋಡೆಗೆ ಹೊಡೆದು, ಮೊಬೈಲ್‌ನಲ್ಲಿ ಸ್ಪೀಡ್ ಟೆಸ್ಟ್ ಒತ್ತಿದ. ಮುಳ್ಳು ಸರ್ರನೆ ಏರಿ 98ಕ್ಕೆ ನಿಂತಿತು. 'ನೋಡಿ ಸಾರ್, ನೂರಕ್ಕೆ ತೊಂಬತ್ತೆಂಟು!' ಮಗನೇ ಅಷ್ಟು ಮಾರ್ಕ್ಸ್ ತಂದ ಹಾಗೆ ಖುಷಿಪಟ್ಟೆ ನಾನು. ಆ ಸ್ಕ್ರೀನ್‌ಶಾಟನ್ನೇ ಹೋಂಸ್ಟೇ ಪುಟದಲ್ಲೂ ಹಾಕಿದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಬೆಂಗಳೂರಿನ ಒಂದು ಜೋಡಿ ಐದು ದಿನಕ್ಕೆ ಬಂದರು. ಮೊದಲ ಸಂಜೆಯೇ ಆ ಹುಡುಗಿಯ ಮೀಟಿಂಗ್ ಕೆಟ್ಟಿತು. ಮುಖಗಳು ಬಾಯಿ ತೆರೆದುಕೊಂಡೇ ನಿಂತವು, ಮಾತು ತುಂಡು ತುಂಡು. ನನ್ನ ಮೊಬೈಲಲ್ಲಿ ಮಾತ್ರ ಯೂಟ್ಯೂಬ್ ಸಲೀಸಾಗಿ ಓಡುತ್ತಿತ್ತು. 'ನಿಮ್ಮ ಲ್ಯಾಪ್‌ಟಾಪೇ ಸರಿ ಇಲ್ಲ ಅನ್ಸುತ್ತೆ' ಅಂದುಬಿಟ್ಟೆ. ಅಯ್ಯೋ ನನ್ನ ಬಾಯಿ!

ಅವರು ಏನೂ ಅನ್ನಲಿಲ್ಲ. ಪಿಂಗ್ ಹಾಕಿ ತೋರಿಸಿದರು, ಅಂದರೆ ಒಂದು ಸರ್ವರ್‌ಗೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಅಂತ ನೋಡುವುದು. ನಮಗೆ ನೆಟ್ ಕೊಟ್ಟ ಕಂಪನಿಯ ಸರ್ವರ್‌ಗೆ 4 ಮಿಲಿಸೆಕೆಂಡ್, 5, ಮತ್ತೆ 4. ಆಮೇಲೆ ಹೊರಗೆ, 8.8.8.8 ಅನ್ನುವ ಗೂಗಲ್ ಸರ್ವರ್‌ಗೆ. 40, 43, 390, 'ರಿಕ್ವೆಸ್ಟ್ ಟೈಮ್ಡ್ ಔಟ್', 61, ಮತ್ತೆ 'ರಿಕ್ವೆಸ್ಟ್ ಟೈಮ್ಡ್ ಔಟ್'. ನೂರು ಕಳಿಸಿದರೆ ಒಂಬತ್ತು ವಾಪಸ್ ಬರಲೇ ಇಲ್ಲ. 'ಅಂಕಲ್, ಆ ಹುಡುಗ ಟೆಸ್ಟ್ ಮಾಡಿದ್ದು ಅವರದೇ ಸರ್ವರ್‌ಗೆ.' ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ನೋಡಿದೆ. ಕೆಳಗೆ ಸಣ್ಣಕ್ಷರದಲ್ಲಿ ಆ ಕಂಪನಿ ಹೆಸರೇ! ಅಳೆದದ್ದು ನಮ್ಮನೆಯಿಂದ ಅವರ ಆಫೀಸಿನವರೆಗೆ ಅಷ್ಟೇ. ಗೇಟಿನವರೆಗೆ ಕಾಂಕ್ರೀಟ್, ಆಚೆ ಬರೀ ಕೆಸರು.

ಯೂಟ್ಯೂಬ್ ಮುಂದಿನದನ್ನು ಮೊದಲೇ ತಂದಿಟ್ಟುಕೊಳ್ಳುತ್ತದಂತೆ, ಕಳೆದುಹೋದದ್ದನ್ನು ಮತ್ತೆ ತರಿಸಿಕೊಳ್ಳುತ್ತದಂತೆ. ಮೀಟಿಂಗ್‌ಗೆ ಆ ಪುರುಸೊತ್ತು ಇಲ್ಲ. ತಡವಾಗಿ ಬಂದ ಮಾತು ಬಂದೂ ದಂಡ.

ಫೋನ್ ಮಾಡಿದೆ. 'ನಮ್ಮ ಕಡೆ ಸ್ಪೀಡ್ ಫುಲ್ ಇದೆ ಸಾರ್.' ಕಳಿಸಿದ್ದು ದಾರಿಯಲ್ಲೇ ಕಳೆದುಹೋಗುತ್ತಿದೆ, ಪ್ಯಾಕೆಟ್ ಲಾಸ್ ಅಂದೆ. 'ಯೂಟ್ಯೂಬ್ ಓಡುತ್ತಲ್ವಾ ಸಾರ್?' ಮಾರನೇ ದಿನ, 'ಕೊಡಗಲ್ವಾ ಸಾರ್, ಮಳೆ.' ಮಳೆ! ಫೆಬ್ರವರಿಯಲ್ಲಿ! ಕಾಫಿ ಹೂ ಅರಳಿಸುವ ಹೂಮಳೆ ಬರಲಿ ಅಂತ ನಾವೇ ಆಕಾಶ ನೋಡಿಕೊಂಡು ಕೂತಿದ್ದೇವೆ. ದುಡ್ಡು ವಾಪಸ್ ಕೇಳಿದರೆ, 'ಬಿಲ್‌ನಲ್ಲಿ ಅಪ್ ಟು 100 ಅಂತ ಇದೆ, ಓದಿ ಸಾರ್.' ಅಪ್ ಟು ಅಂತೆ!

ಆ ಜೋಡಿ ಮೂರನೇ ದಿನಕ್ಕೇ ಹೊರಟರು. ಎರಡು ದಿನದ ಬಾಡಿಗೆ ನಾನು ವಾಪಸ್ ಕೊಟ್ಟೆ. ಮುಖ ನೋಡಲು ಆಗಲಿಲ್ಲ.

ಹಾಕಿಸುವ ಮುಂಚೆ ಅದೇ ಕನೆಕ್ಷನ್ ಇರುವವರ ಮನೆಗೆ ರಾತ್ರಿ ಎಂಟಕ್ಕೆ ಹೋಗಿ, ಎಲ್ಲರೂ ನೆಟ್ ಬಳಸುವ ಹೊತ್ತದು. ಟೆಸ್ಟ್‌ನಲ್ಲಿ ಬೇರೆ ಸರ್ವರ್ ಆರಿಸಿ, ಅಪ್‌ಲೋಡ್ ಕೂಡ ನೋಡಿ. ಹೊರಗೆ ನೂರು ಪಿಂಗ್ ಹಾಕಿ. ಒಂದಕ್ಕಿಂತ ಜಾಸ್ತಿ ಕಳೆದುಹೋದರೆ ಸುಮ್ನೆ ಎದ್ದು ಬನ್ನಿ. ಆರು ತಿಂಗಳ ಮುಂಗಡ ಅಂತೂ ಕೊಡಲೇಬೇಡಿ. ನನ್ನದು ಇನ್ನೂ ಐದು ತಿಂಗಳು ಬಾಕಿ ಇದೆ.